ಮೂರು ಸೈಟು, ಒಂದು ಫೈಲು

ಕಳೆದ ವರ್ಷ ಜೂನ್ ತಿಂಗಳಲ್ಲಿ ನನ್ನಿಂದಾಗಿ ಬೈಂದೂರಿನ ಒಬ್ಬ ಹಿರಿಯರಿಗೆ ಅಸರ್ ನಮಾಜಿನ ಜಮಾಅತ್ ತಪ್ಪಿತು. ಅವರ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಫೋನಿನಲ್ಲಿ ದನಿ ಮಾತ್ರ ಕೇಳಿದ್ದೇನೆ.

ವಿಷಯ ಹೀಗೆ. ನನ್ನ ಅಣ್ಣ ದುಬೈಗೆ ಹೋಗುವ ಮೊದಲು ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರೂ ಕಡೆಯ ಒಂದೊಂದು ಮಸೀದಿಗೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ದುಡ್ಡಿಗಲ್ಲ. ಒಂದು ಕಡೆ ಮಾಡಿದ್ದನ್ನು ನೋಡಿ ಇನ್ನೊಂದು ಕಡೆಯವರು ಕೇಳಿದರು, ಅಷ್ಟೆ. ಸೈಟಿನಲ್ಲಿ ಇರುವುದೂ ಹೆಚ್ಚೇನಲ್ಲ: ಐದು ಹೊತ್ತಿನ ನಮಾಜಿನ ಸಮಯ, ಜುಮಾ ಖುತ್ಬಾದ ಸಮಯ, ಮದ್ರಸದ ರಜೆ, ಯಾರಾದರೂ ತೀರಿಕೊಂಡರೆ ಜನಾಝಾದ ಸುದ್ದಿ. ಭಾಷೆ ಕನ್ನಡ. ಬೈಂದೂರಿನ ಆ ಜಮಾಅತಿನಲ್ಲಿ ಹೆಚ್ಚಿನವರ ಮನೆಮಾತು ನವಾಯತಿ, ಬ್ರಹ್ಮಾವರದಲ್ಲಿ ಬ್ಯಾರಿ, ನಮ್ಮ ಮನೆಯಲ್ಲಿ ದಖನಿ. ಮೂವರಿಗೂ ಓದಲು ಬರುವುದು ಕನ್ನಡ. ಅಣ್ಣ ವಿಮಾನ ಹತ್ತಿದ ಮೇಲೆ ಪಾಸ್‌ವರ್ಡ್ ನನ್ನ ಕೈಗೆ ಬಂತು. ನಾನಾಗ ಪ್ರಥಮ ಪಿಯುಸಿ ಮುಗಿಸಿದ್ದೆ. ಸೈಟಿನಲ್ಲಿದ್ದದ್ದು ಅಬ್ಬನ ನಂಬರು. ಕಮಿಟಿಯವರು ಅದಕ್ಕೆ ಫೋನ್ ಮಾಡಿದರೆ ಅಬ್ಬ ನನಗೆ ಕೊಡುತ್ತಿದ್ದರು.

ಮೂರೂ ಸೈಟು ನಡೆಯುವುದು ವರ್ಡ್‌ಪ್ರೆಸ್‌ನಲ್ಲಿ. 2003ರಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಸೇರಿ ಶುರುಮಾಡಿದ ತಂತ್ರಾಂಶ ಇದು. ಅದನ್ನೂ ಅವರು ಸೊನ್ನೆಯಿಂದ ಬರೆಯಲಿಲ್ಲ, ಬಿ2 ಎಂಬ ಇನ್ನೊಂದು ತಂತ್ರಾಂಶದ ಪ್ರತಿ ತೆಗೆದುಕೊಂಡು ಬೆಳೆಸಿದರು. 2010ರಲ್ಲಿ ಬಂದ 3.0ನೇ ಆವೃತ್ತಿಯಿಂದ ಒಂದೇ ವರ್ಡ್‌ಪ್ರೆಸ್ ಹಾಕಿ ಅದರಲ್ಲೇ ಹಲವು ಸೈಟು ನಡೆಸಬಹುದು. ಅದಕ್ಕೆ ಮಲ್ಟಿಸೈಟ್ ಅನ್ನುತ್ತಾರೆ. ಅಣ್ಣ ಮಾಡಿದ್ದೂ ಅದನ್ನೇ. ಹೋಸ್ಟಿಂಗ್ ಒಂದೇ, ಖರ್ಚು ಒಂದೇ. ಸೈಟು ಕಾಣುವ ರೂಪಕ್ಕೆ ಥೀಮ್ ಎಂದು ಹೆಸರು. ಸಿದ್ಧವಾಗಿ ಸಿಗುವ ಒಂದು ಥೀಮನ್ನು ತಾಯಿಯಾಗಿಟ್ಟುಕೊಂಡು ಅದರ ಕೆಳಗೆ ಮೂರು ಮಕ್ಕಳನ್ನು ಮಾಡಿದ್ದ. ಕುಂದಾಪುರಕ್ಕೆ ಹಸಿರು, ಬೈಂದೂರಿಗೆ ನೀಲಿ, ಬ್ರಹ್ಮಾವರಕ್ಕೆ ಕಂದು. ಇವೇ ಚೈಲ್ಡ್ ಥೀಮ್‌ಗಳು. ತಾಯಿ ಥೀಮನ್ನು ಅದರ ಕಂಪೆನಿಯವರು ಆಗಾಗ ಅಪ್‌ಡೇಟ್ ಮಾಡುತ್ತಾರೆ. ನಾವು ಅದರೊಳಗೆ ಏನಾದರೂ ತಿದ್ದಿದ್ದರೆ ಅಪ್‌ಡೇಟ್ ಆದ ದಿನ ಅಳಿಸಿಹೋಗುತ್ತದೆ. ಮಕ್ಕಳಲ್ಲಿ ಬರೆದದ್ದು ಉಳಿಯುತ್ತದೆ. ಅದಕ್ಕೇ ಮಕ್ಕಳು ಬೇಕಾಗುವುದು.

ಪ್ರತಿ ಚೈಲ್ಡ್ ಥೀಮಿಗೂ ಫಂಕ್ಷನ್ಸ್ ಡಾಟ್ ಪಿಎಚ್‌ಪಿ ಎಂಬ ಒಂದು ಫೈಲು ಇರುತ್ತದೆ. ನಮಾಜಿನ ಸಮಯ ಲೆಕ್ಕ ಹಾಕುವ ಕೋಡನ್ನು ಅಣ್ಣ ಅಲ್ಲಿ ಬರೆದಿದ್ದ. ಮೊದಲು ಕುಂದಾಪುರಕ್ಕೆ ಬರೆದ, ಆಮೇಲೆ ಕಾಪಿ ಮಾಡಿ ಬೈಂದೂರಿಗೆ ಅಂಟಿಸಿದ, ಮತ್ತೆ ಬ್ರಹ್ಮಾವರಕ್ಕೆ. ಇನ್ನೂರು ಸಾಲು, ಮೂರು ಕಡೆ. ಅವನನ್ನು ದೂರುವುದಿಲ್ಲ. ಹೋಗುವ ಅವಸರದಲ್ಲಿದ್ದ. ನಾನಾದರೂ ಹಾಗೆಯೇ ಮಾಡುತ್ತಿದ್ದೆ, ಮಾಡಿದೆ ಕೂಡ.

ಈ ಲೆಕ್ಕದ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ನನಗೆ ಕೋಡಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಅದು. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ. ನಾವಿರುವುದು ಹೆಚ್ಚುಕಡಿಮೆ 74.7ರಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಮೂವತ್ತೊಂದು ನಿಮಿಷ ಹಿಂದೆ. ಹಾಗಾಗಿ ನಮ್ಮ ಕುಂದಾಪುರದಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಆಸುಪಾಸಿಗೆ. ನವೆಂಬರಿನಲ್ಲಿ ಹನ್ನೆರಡೂ ಕಾಲು, ಫೆಬ್ರವರಿಯಲ್ಲಿ ಹನ್ನೆರಡೂ ಮುಕ್ಕಾಲು. ಝುಹರ್ ಅಲ್ಲಿಂದ ಶುರು. ಬ್ರಹ್ಮಾವರಕ್ಕೂ ಬೈಂದೂರಿಗೂ ರೇಖಾಂಶದ ಅಂತರ ಎಷ್ಟು ಸಣ್ಣದೆಂದರೆ ಅದರಿಂದ ಆಗುವ ವ್ಯತ್ಯಾಸ ಅರ್ಧ ನಿಮಿಷವೂ ಇಲ್ಲ. ಒಂದೇ ಲೆಕ್ಕ ಮೂರು ಊರಿಗೂ ಸಾಕು ಎಂದು ಅಣ್ಣ ಅಂದುಕೊಂಡದ್ದು ಸರಿಯೇ.

ಒಂದನ್ನು ಬಿಟ್ಟು. ಅಸರ್ ಹೊತ್ತು ಗೊತ್ತಾಗುವುದು ನೆರಳಿನಿಂದ. ನಡುಹಗಲಿನ ನೆರಳನ್ನು ಕಳೆದು, ಒಂದು ಕೋಲಿನ ನೆರಳು ಕೋಲಿನಷ್ಟೇ ಉದ್ದವಾದಾಗ ಅಸರ್ ಎನ್ನುವುದು ಶಾಫಿ ಮಝ್‌ಹಬ್. ಕೋಲಿನ ಎರಡರಷ್ಟಾದಾಗ ಎನ್ನುವುದು ಹನಫಿ. ನವಾಯತರೂ ಬ್ಯಾರಿಗಳೂ ಶಾಫಿ. ನಾವು ಹನಫಿ. ಕೋಡಿನಲ್ಲಿ ಇದು ಒಂದೇ ಅಂಕಿಯ ವ್ಯತ್ಯಾಸ: ಬೈಂದೂರು, ಬ್ರಹ್ಮಾವರದ ಫೈಲಿನಲ್ಲಿ 1, ಕುಂದಾಪುರದ ಫೈಲಿನಲ್ಲಿ 2. ಗಡಿಯಾರದಲ್ಲಿ ಮಾತ್ರ ಅದು ಜೂನ್ ತಿಂಗಳಲ್ಲಿ ಒಂದು ಗಂಟೆಗೂ ಮೇಲೆ. ಇನ್ನೂರು ಸಾಲಿನ ನಡುವೆ ಎಲ್ಲೋ ಕೂತಿದ್ದ ಆ ಅಂಕಿಯನ್ನು ನಾನು ನೋಡಿಯೇ ಇರಲಿಲ್ಲ.

ಜೂನ್ ಎರಡನೇ ವಾರ ಕುಂದಾಪುರದಿಂದ ಒಬ್ಬರು ಫೋನ್ ಮಾಡಿ, ‘ಅಸರ್ ಐದೂ ನಲವತ್ತಕ್ಕಾ?’ ಎಂದು ಕೇಳಿದರು. ತೆರೆದು ನೋಡಿದರೆ ಸೈಟಿನಲ್ಲಿ ‘೫:೪’ ಎಂದಿತ್ತು. ಇರಬೇಕಾದ್ದು ೫:೦೪. ನಿಮಿಷವನ್ನು ಸಂಖ್ಯೆಯಾಗಿ ತೆಗೆದುಕೊಂಡು ಕನ್ನಡ ಅಂಕಿಗೆ ಬದಲಿಸುವಾಗ ಮುಂದಿನ ಸೊನ್ನೆ ಬಿದ್ದುಹೋಗುತ್ತಿತ್ತು. ಹತ್ತಕ್ಕಿಂತ ಕಡಿಮೆ ಇದ್ದರೆ ಮುಂದೆ ಒಂದು ಸೊನ್ನೆ ಸೇರಿಸು ಎಂದು ಒಂದು ಸಾಲು ಬರೆದೆ, ಸರಿಯಾಯಿತು. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಅದೇ ಹೆಮ್ಮೆಯಲ್ಲಿ ಕುಂದಾಪುರದ ಫೈಲನ್ನು ಪೂರ್ತಿ ಕಾಪಿ ಮಾಡಿ ಬೈಂದೂರಿನ ಫೈಲಿನ ಮೇಲೆ ಹಾಕಿದೆ. ಬ್ರಹ್ಮಾವರಕ್ಕೆ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಹೊರಗೆ ಗುಡುಗು, ಅಮ್ಮಿ ವೈಫೈಯ ವಯರನ್ನೂ ಕಿತ್ತುಹಾಕಿದರು. ನಾಳೆ ಮಾಡಿದರಾಯಿತು ಎಂದು ಮಲಗಿದೆ. ಹಾಗೆ ಮೂರು ಸೈಟು ಮೂರು ತರ ಆದವು: ಒಂದು ಸರಿ, ಒಂದು ಹಳೆಯ ತಪ್ಪು, ಒಂದು ಹೊಸ ತಪ್ಪು.

ಮರುದಿನ ಸಂಜೆ ಆ ಫೋನು ಬಂತು. ಅಬ್ಬ ಎರಡು ಮಾತು ಕೇಳಿ ಏನೂ ಹೇಳದೆ ನನ್ನ ಕೈಗೆ ಕೊಟ್ಟರು. ಆ ಹಿರಿಯರು ಬಹಳ ವರ್ಷ ಮುಂಬಯಿಯಲ್ಲಿದ್ದು ಊರಿಗೆ ಬಂದು ವಾರವಾಗಿತ್ತಂತೆ. ಅಲ್ಲಿ ಅವರು ಹೋಗುತ್ತಿದ್ದದ್ದು ಹನಫಿ ಮಸೀದಿಗೆ, ಹಾಗಾಗಿ ಐದು ಗಂಟೆ ಎಂದು ಕಂಡಾಗ ಸಂಶಯ ಬರಲಿಲ್ಲ. ಮಳೆಯ ಸದ್ದಿಗೆ ಬಾಂಗ್ ಕೇಳಿಸಲಿಲ್ಲ. ಕೊಡೆ ಹಿಡಿದು ಐದು ಗಂಟೆಗೆ ಮಸೀದಿಗೆ ಹೋದರೆ ಒಳಗೆ ಯಾರೂ ಇಲ್ಲ.

‘ಮಗಾ, ನಾ ಬಪ್ಪತಿಗೆ ಜಮಾಅತ್ ಮುಗ್ದಿತ್. ನಿಮ್ಮ್ ಫೋನಿನ್ ಗಂಟಿ ಒಂಚೂರ್ ಕಾಣ್’ ಅಂದರು. ಅಷ್ಟೇ. ಬೈದಿದ್ದರೆ ಸುಲಭವಾಗುತ್ತಿತ್ತು. ಅವರ ನಮಾಜು ತಪ್ಪಲಿಲ್ಲ, ಒಬ್ಬರೇ ನಿಂತು ಮಾಡಿದರು. ಆದರೂ ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮಸೀದಿಯ ಹೆಸರಿರುವ ಸೈಟಿನಲ್ಲಿ ಒಂದು ಸಮಯ ಕಂಡರೆ ಅದನ್ನು ಮಸೀದಿಯೇ ಹೇಳಿತು ಎಂದು ಜನ ನಂಬುತ್ತಾರೆ. ಅದರ ಹಿಂದೆ ಕುಂದಾಪುರದ ಒಂದು ಮನೆಯಲ್ಲಿ ಹದಿನೇಳು ವರ್ಷದ ಹುಡುಗಿಯೊಬ್ಬಳು ಕಾಪಿ ಪೇಸ್ಟ್ ಮಾಡುತ್ತಿದ್ದಾಳೆ ಎಂದು ಯಾರಿಗೆ ಗೊತ್ತು?

ಅಂಕಿಯನ್ನು ಆಗಲೇ 1ಕ್ಕೆ ಬದಲಿಸಿದೆ. ಆದರೆ ಇನ್ನೊಂದು ಸಲ ಹೀಗಾಗದು ಎಂಬುದಕ್ಕೆ ಏನು ಖಾತ್ರಿ? ಕೋಡು ಒಂದೇ ಕಡೆ ಇರಬೇಕು ಎಂಬುದು ಸ್ಪಷ್ಟ. ಎಲ್ಲಿ ಎಂಬುದೇ ಪ್ರಶ್ನೆ. ತಾಯಿ ಥೀಮಿನಲ್ಲಿ ಇಟ್ಟರೆ ಅಪ್‌ಡೇಟಿಗೆ ಹೋಗುತ್ತದೆ. ತಾಯಿಗೂ ಮಕ್ಕಳಿಗೂ ನಡುವೆ ಇನ್ನೊಂದು ತಲೆಮಾರು ಮಾಡೋಣವೆಂದರೆ ವರ್ಡ್‌ಪ್ರೆಸ್‌ನಲ್ಲಿ ಮೊಮ್ಮಕ್ಕಳಿಗೆ ಅವಕಾಶವಿಲ್ಲ. ಬೈಂದೂರಿನ ಫೈಲಿನಲ್ಲಿ ‘ಕುಂದಾಪುರದ ಫೈಲನ್ನು ಓದಿಕೋ’ ಎಂದು ಒಂದು ಸಾಲು ಬರೆದೂ ನೋಡಿದೆ. ನಡೆಯಿತು, ಆದರೆ ನೆರೆಮನೆಯ ಬಾವಿಗೆ ಪೈಪು ಹಾಕಿದ ಹಾಗೆ. ಕುಂದಾಪುರದವರು ನಾಳೆ ಥೀಮ್ ತೆಗೆದರೆ ಬೈಂದೂರಿಗೆ ನೀರಿಲ್ಲ.

ಲ್ಯಾಬ್ ಮುಗಿದ ಮೇಲೆ ನಮ್ಮ ಕಂಪ್ಯೂಟರ್ ಸೈನ್ಸ್ ಮೇಡಂ ಹತ್ತಿರ ಹೇಳಿದೆ. ನಮಗೆ ಕಲಿಸುವುದು ಪೈಥಾನ್, ಇದು ಪಿಎಚ್‌ಪಿ. ಆದರೂ ಅವರು ಕೇಳಿದ್ದು ಭಾಷೆಯ ಪ್ರಶ್ನೆಯಲ್ಲ. ‘ಥೀಮ್ ಅಂದರೆ ಉಡುಪು ಅಲ್ವಾ? ನಮಾಜಿನ ಲೆಕ್ಕ ಉಡುಪಿನಲ್ಲಿ ಯಾಕೆ ಇದೆ?’ ಎಂದರು. ಒಂದು ವರ್ಷದಿಂದ ಆ ಫೈಲುಗಳನ್ನು ನೋಡುತ್ತಿದ್ದ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ.

ವರ್ಡ್‌ಪ್ರೆಸ್‌ನಲ್ಲಿ ರೂಪಕ್ಕೆ ಥೀಮ್, ಕೆಲಸಕ್ಕೆ ಪ್ಲಗಿನ್. ಮಲ್ಟಿಸೈಟಿನಲ್ಲಿ ಪ್ಲಗಿನ್‌ಗಳ ಫೋಲ್ಡರು ಎಲ್ಲ ಸೈಟುಗಳಿಗೂ ಒಂದೇ. ಅದರಲ್ಲೂ ಎಂಯು-ಪ್ಲಗಿನ್ಸ್ ಎಂಬ ಫೋಲ್ಡರ್ ಇದೆ. ‘ಮಸ್ಟ್ ಯೂಸ್’ ಎಂಬುದರ ಮೊದಲ ಅಕ್ಷರಗಳು. ಅದರಲ್ಲಿ ಇಟ್ಟ ಫೈಲನ್ನು ಆನ್ ಮಾಡಬೇಕಾಗಿಲ್ಲ, ಡ್ಯಾಶ್‌ಬೋರ್ಡಿನಿಂದ ಯಾರೂ ಆಫ್ ಮಾಡಲೂ ಆಗದು. ಫೈಲು ನೇರವಾಗಿ ಆ ಫೋಲ್ಡರಿನಲ್ಲೇ ಇರಬೇಕು, ಒಳಗೆ ಇನ್ನೊಂದು ಫೋಲ್ಡರ್ ಮಾಡಿ ಇಟ್ಟರೆ ಓದುವುದಿಲ್ಲ. ಇದು ಗೊತ್ತಾಗಲು ನನಗೆ ಒಂದು ಸಂಜೆ ಹಿಡಿಯಿತು.

ಒಂದು ಗುರುವಾರ ರಾತ್ರಿ ಇನ್ನೂರು ಸಾಲನ್ನೂ ಒಂದು ಫೈಲು ಮಾಡಿ ಅಲ್ಲಿ ಹಾಕಿದೆ. ಮೂರೂ ಸೈಟು ಒಟ್ಟಿಗೆ ಬಿದ್ದವು. ಬೆಳಗಾದರೆ ಜುಮಾ. ಪುಟ ತೆರೆದರೆ ಗಂಭೀರ ದೋಷವಾಗಿದೆ ಎಂಬ ಒಂದೇ ಸಾಲು. ಕೈ ನಡುಗಿತು. ದುಬೈಯಲ್ಲಿ ಗಂಟೆ ನಮಗಿಂತ ಒಂದೂವರೆ ತಾಸು ಹಿಂದೆ, ಅಣ್ಣ ಎಚ್ಚರವಿದ್ದ. ‘ಹಳೇದನ್ನ ತೆಗ್ದಿಯಾ?’ ಎಂದು ವಾಯ್ಸ್ ಕಳಿಸಿದ. ತೆಗೆದಿರಲಿಲ್ಲ. ಪ್ಲಗಿನ್ ಮೊದಲು ಓದಲ್ಪಡುತ್ತದೆ, ಥೀಮಿನ ಫೈಲು ಆಮೇಲೆ. ಒಂದೇ ಹೆಸರಿನ ಫಂಕ್ಷನ್ ಎರಡನೇ ಸಲ ಕಂಡರೆ ಪಿಎಚ್‌ಪಿ ಅಲ್ಲೇ ನಿಂತುಬಿಡುತ್ತದೆ. ಮೂರು ಥೀಮಿನಲ್ಲೂ ಹಳೆಯ ಪ್ರತಿ ಹಾಗೆಯೇ ಇತ್ತಾದ್ದರಿಂದ ಮೂರೂ ನಿಂತವು. ಹೋಸ್ಟಿಂಗಿನ ಫೈಲ್ ಮ್ಯಾನೇಜರಿಗೆ ಹೋಗಿ ಒಂದೊಂದರಿಂದಲೂ ಹಳೆಯದನ್ನು ಅಳಿಸಿದೆ. ಹನ್ನೊಂದೂವರೆಗೆ ಮೂರೂ ಎದ್ದವು. ಒಂದೇ ಕಡೆ ಇಟ್ಟರೆ ತಿದ್ದುವುದು ಸುಲಭ, ನಿಜ. ಆದರೆ ಕೆಟ್ಟರೆ ಮೂರೂ ಊರಿಗೆ ಒಟ್ಟಿಗೆ ಕೆಡುತ್ತದೆ. ಈಗ ಏನೇ ಬದಲಿಸುವುದಿದ್ದರೂ ಮೊದಲು ನನ್ನ ಲ್ಯಾಪ್‌ಟಾಪಿನಲ್ಲಿರುವ ಪ್ರತಿಯಲ್ಲಿ ಹಾಕಿ ನೋಡುತ್ತೇನೆ. ಗುರುವಾರ ರಾತ್ರಿ ಮುಟ್ಟುವುದೇ ಇಲ್ಲ.

ಉಳಿದದ್ದು ಆ 1 ಮತ್ತು 2. ಮೊದಲು ಅದನ್ನು ಆಯಾ ಚೈಲ್ಡ್ ಥೀಮಿನಲ್ಲೇ ಎರಡು ಸಾಲಿನ ಫಿಲ್ಟರ್ ಆಗಿ ಬರೆದೆ. ಲೆಕ್ಕ ಎಲ್ಲರಿಗೂ ಒಂದೇ, ಈ ಊರಿಗೆ ಮಾತ್ರ ಈ ಅಂಕಿ ಎಂದು. ಚೆನ್ನಾಗಿಯೇ ನಡೆಯುತ್ತಿತ್ತು. ಆಮೇಲೆ ಮೇಡಂ ಮಾತು ಮತ್ತೆ ನೆನಪಾಯಿತು. ಬಟ್ಟೆ ಬದಲಿಸಿದರೆ ಮಝ್‌ಹಬ್ ಬದಲಾಗುವುದುಂಟೇ? ಹಾಗಾಗಿ ಅದನ್ನು ಥೀಮಿನಿಂದ ತೆಗೆದು ಪ್ರತಿ ಸೈಟಿನ ಸೆಟ್ಟಿಂಗ್ಸ್‌ನಲ್ಲಿ ಶಾಫಿ, ಹನಫಿ ಎಂದು ಎರಡು ಆಯ್ಕೆ ಇಟ್ಟೆ. ಅದು ಡೇಟಾಬೇಸಿನಲ್ಲಿ ಆಯಾ ಸೈಟಿನ ಟೇಬಲಿನಲ್ಲಿ ಕೂರುತ್ತದೆ. ಮೂರೂ ಕಮಿಟಿಯವರಿಗೆ ಫೋನ್ ಮಾಡಿ ಕೇಳಿಯೇ ಆರಿಸಿದೆ. ಊಹಿಸಿ ಹಾಕಲಿಲ್ಲ. ಆರಿಸದೆ ಬಿಟ್ಟರೆ ಅಸರ್ ಎದುರು ಸಮಯದ ಬದಲು ಖಾಲಿ ಗೆರೆ ಕಾಣುವಂತೆ ಮಾಡಿದ್ದೇನೆ. ತಪ್ಪು ಸಮಯಕ್ಕಿಂತ ಅದು ವಾಸಿ ಎಂದು ನನಗನಿಸಿತು. ಅಣ್ಣನಿಗೆ ಇದು ಇಷ್ಟವಾಗಲಿಲ್ಲ, ಸೈಟು ಅರ್ಧಂಬರ್ಧ ಕಾಣುತ್ತದೆ ಅಂದ. ಕಾಣಲಿ.

ಈಗ ಮೂರು ಚೈಲ್ಡ್ ಥೀಮಿನ ಫಂಕ್ಷನ್ಸ್ ಫೈಲುಗಳಲ್ಲಿ ಹತ್ತು ಹನ್ನೆರಡು ಸಾಲು ಉಳಿದಿವೆ, ಎಲ್ಲ ಬಣ್ಣ ಮತ್ತು ಅಕ್ಷರದ್ದು. ಡಿಸೆಂಬರಿನಲ್ಲಿ ಬ್ರಹ್ಮಾವರದವರು ಕಂದು ಬಣ್ಣ ಸಾಕು, ಬೇರೆ ರೂಪ ಮಾಡಿಕೊಡಿ ಎಂದರು. ಪೂರ್ತಿ ಹೊಸ ಥೀಮ್ ಹಾಕಿದೆ. ಅಸರ್ ಒಂದು ನಿಮಿಷವೂ ಅತ್ತಿತ್ತ ಆಗಲಿಲ್ಲ.

ಬೈಂದೂರಿನ ಆ ಹಿರಿಯರು ಕಳೆದ ತಿಂಗಳು ಇನ್ನೊಮ್ಮೆ ಫೋನ್ ಮಾಡಿದ್ದರು. ನನಗೆ ಎದೆ ಧಸಕ್ಕೆಂದಿತು. ಗಂಟೆ ಸರಿ ಇದೆ, ಅಕ್ಷರ ಸಣ್ಣದು, ಕನ್ನಡಕ ಹಾಕಿದರೂ ಕಾಣುವುದಿಲ್ಲ ಅಂದರು. ಅದು ಥೀಮಿನ ಕೆಲಸ. ಬೈಂದೂರಿನದ್ದನ್ನು ಮಾತ್ರ ತೆರೆದು ಅಕ್ಷರ ದೊಡ್ಡದು ಮಾಡಿದೆ.