ನೂರು ದಾಟಿದ ಹಾಸ್ಟೆಲು, ಹಟ ಬಿಡದ ಹುಡುಗರು

ಜಪಾನಿನ ಕ್ಯೋಟೋ ಎಂದೊಡನೆ ಪ್ರವಾಸಿಗರ ಕಣ್ಣಮುಂದೆ ಬರುವುದು ಚಿನ್ನದ ಹಾಳೆ ಹೊದ್ದ ಮಂದಿರ, ಚೆರ‍್ರಿ ಹೂವಿನ ಸಾಲು. ಅದೇ ಊರಿನಲ್ಲಿ ಕಾಮೊ ನದಿ ದಾಟಿ ಯೋಶಿದಾ ಗುಡ್ಡದ ಕಡೆಗೆ ನಡೆದರೆ, 1897ರಲ್ಲಿ ಹುಟ್ಟಿದ ಕ್ಯೋಟೋ ವಿಶ್ವವಿದ್ಯಾಲಯ ಸಿಗುತ್ತದೆ. ಅದರ ಆವರಣದಲ್ಲಿ ಗಿಂಕೋ ಮರಗಳ ಸಾಲಿನ ಕೊನೆಗೆ ಎರಡಂತಸ್ತಿನ ಮರದ ಕಟ್ಟಡವೊಂದಿದೆ. ಅದೇ ಯೋಶಿದಾ ವಿದ್ಯಾರ್ಥಿನಿಲಯ. ಕಟ್ಟಿದ್ದು 1913ರಲ್ಲಿ. ಜಪಾನಿನಲ್ಲಿ ಉಳಿದಿರುವ ವಿದ್ಯಾರ್ಥಿನಿಲಯಗಳಲ್ಲಿ ಇದೇ ಅತ್ಯಂತ ಹಳೆಯದೆಂಬ ಹೆಸರಿದೆ.

ಚೊಕ್ಕಟತನಕ್ಕೆ ಹೆಸರಾದ ನಾಡಿನಲ್ಲಿ ಈ ಹಾಸ್ಟೆಲಿನದು ಬೇರೆಯೇ ಲೋಕವಾಗಿತ್ತು. ಕಿರುಗುಟ್ಟುವ ಹಲಗೆಯ ನೆಲ, ಓಣಿಯುದ್ದಕ್ಕೂ ಪುಸ್ತಕ, ಸೈಕಲ್ಲು, ಹಳೆಯ ಸಾಮಾನುಗಳ ರಾಶಿ, ಅಂಗಳದಲ್ಲಿ ಸಾಕಿದ ಕೋಳಿಗಳು! ಹಳೆಯ ಊಟದ ಮನೆಯಲ್ಲಿ ನಾಟಕ, ಸಂಗೀತ. ನೀರು, ವಿದ್ಯುತ್ತು ಎಲ್ಲ ಸೇರಿ ತಿಂಗಳ ಖರ್ಚು ಸುಮಾರು 2,500 ಯೆನ್ ಇತ್ತು. ಜಪಾನಿನ ಲೆಕ್ಕದಲ್ಲಿ ಇದು ನಾಲ್ಕಾರು ಊಟದ ಬೆಲೆ. ಬಡ ಮನೆಯ ಮಕ್ಕಳಿಗೆ ಓದು ದಕ್ಕಿದ್ದು ಇಂಥ ಸೂರಿನಿಂದಲೇ.

ಇಲ್ಲಿ ವಾರ್ಡನ್ನರ ಕಾಟವಿರಲಿಲ್ಲ. ಯಾರನ್ನು ಸೇರಿಸಿಕೊಳ್ಳಬೇಕೆಂಬುದನ್ನೂ ವಿದ್ಯಾರ್ಥಿಗಳೇ ತೀರ್ಮಾನಿಸುತ್ತಿದ್ದರು. ಕೈ ಎತ್ತಿಸಿ ತಲೆ ಎಣಿಸುವ ಪದ್ಧತಿಯಿಲ್ಲ. ಎಲ್ಲರೂ ಒಪ್ಪುವವರೆಗೆ, ರಾತ್ರಿಯಿಡೀ ಆದರೂ ಸರಿ, ಮಾತು. ಜಪಾನಿ ಭಾಷೆಯಲ್ಲಿ ಹಿರಿಯ–ಕಿರಿಯರ ಕಟ್ಟು ನಮ್ಮ ‘ನೀನು–ನೀವು’ಗಿಂತಲೂ ಬಿಗಿ. ಇಲ್ಲಿ ಆ ಕಟ್ಟನ್ನೂ ಸಡಿಲಿಸಿ, ಹಿರಿಯರೊಡನೆಯೂ ಸಲಿಗೆಯ ಮಾತನ್ನೇ ಆಡುವುದು ರೂಢಿ.

ಹಾಗಾದರೆ ಜಗಳವೇಕೆ? ಭೂಕಂಪದ ಭಯ. 1995ರಲ್ಲಿ ಪಕ್ಕದ ಕೋಬೆ ನಗರ ನಡುಗಿ ಆರು ಸಾವಿರಕ್ಕೂ ಹೆಚ್ಚು ಜನ ಸತ್ತದ್ದನ್ನು ಆ ಸೀಮೆ ಮರೆತಿಲ್ಲ. ಹಳೆಯ ಕಟ್ಟಡ ಅಪಾಯವೆಂದು ವಿಶ್ವವಿದ್ಯಾಲಯ 2017ರ ಡಿಸೆಂಬರಿನಲ್ಲಿ ಹೊಸಬರ ಸೇರ್ಪಡೆ ನಿಲ್ಲಿಸಲು ಹೇಳಿತು. 2018ರ ಸೆಪ್ಟೆಂಬರ್ ಕೊನೆಯೊಳಗೆ ಎಲ್ಲರೂ ತೆರವು ಮಾಡಬೇಕೆಂದಿತು. ಮಕ್ಕಳನ್ನು ದೂರದೂರಿಗೆ ಕಳಿಸಿದ ಯಾವ ತಂದೆತಾಯಿಗೂ ಈ ಆತಂಕ ಅರ್ಥವಾಗುವಂಥದೇ.

ಅಪಾಯವಿಲ್ಲವೆಂದು ವಿದ್ಯಾರ್ಥಿಗಳು ವಾದಿಸಲಿಲ್ಲ. ‘ದುರಸ್ತಿ ಮಾಡಿ, ಆದರೆ ನಮ್ಮೊಡನೆ ಮಾತಾಡಿ’ ಎಂಬುದು ಅವರ ಪಟ್ಟು. 2019ರಲ್ಲಿ ವಿಶ್ವವಿದ್ಯಾಲಯ ತನ್ನ ವಿದ್ಯಾರ್ಥಿಗಳ ಮೇಲೆಯೇ ದಾವೆ ಹೂಡಿತು. 2024ರ ಫೆಬ್ರವರಿಯಲ್ಲಿ ಕ್ಯೋಟೋ ಜಿಲ್ಲಾ ನ್ಯಾಯಾಲಯ, ತೀರ್ಪಿಗೆ ಒಳಪಟ್ಟ 17 ಜನರಲ್ಲಿ 14 ಮಂದಿ ಉಳಿಯಬಹುದೆಂದಿತು. ಮೇಲ್ಮನವಿ ಒಸಾಕಾ ಹೈಕೋರ್ಟಿಗೆ ಹೋಗಿ, 2025ರ ಆಗಸ್ಟಿನಲ್ಲಿ ರಾಜಿಯಾಯಿತು. 2026ರ ಮಾರ್ಚ್ ಕೊನೆಯೊಳಗೆ ಹುಡುಗರು ಹಳೆಯ ಕಟ್ಟಡ ಬಿಡುವುದು, ಭೂಕಂಪ ತಾಳುವಂತೆ ವಿಶ್ವವಿದ್ಯಾಲಯ ಅದನ್ನು ಸರಿಪಡಿಸುವುದು ಎಂಬ ಒಪ್ಪಂದ.

ಗೆದ್ದವರಾರು, ಸೋತವರಾರು ಎಂದು ಹೇಳುವುದು ಕಷ್ಟ. ಹೋರಾಟ ಶುರುಮಾಡಿದ ಹಲವರು ಇಷ್ಟರಲ್ಲಿ ಪದವಿ ಮುಗಿಸಿ ಹೊರಟಾಗಿತ್ತು. ಕೋರ್ಟು ಮೆಟ್ಟಿಲು ಹತ್ತಿದ್ದು ಇನ್ನೂ ಹೈಸ್ಕೂಲಿನಲ್ಲಿದ್ದ, ಮುಖವನ್ನೇ ಕಾಣದ ಯಾರೋ ಬಡ ಹುಡುಗ ಹುಡುಗಿಯರ ಕೋಣೆಗಾಗಿ. ದುರಸ್ತಿಯಾದ ಮನೆಯಲ್ಲಿ ಆ ಅಗ್ಗದ ಬಾಡಿಗೆ, ಆ ಸ್ವಂತ ಆಡಳಿತ ಉಳಿದೀತೇ ಎಂಬುದೇ ಮುಂದಿನ ಪ್ರಶ್ನೆ.