ಪೊಟ್ಟಳಕೆರೆಯ ದಾರಿಯಲ್ಲಿ

ಹೈದರಾಬಾದಿನಿಂದ ಮುಂಬಯಿ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರು ಸಾಗಿದರೆ ಪಟಾನ್‌ಚೆರು ಸಿಕ್ಕುತ್ತದೆ. ಈಗ ಇದು ಕಾರ್ಖಾನೆಗಳ ಊರು. ಆದರೆ ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ನೆಲೆವೀಡಾಗಿದ್ದ ಪೊಟ್ಟಳಕೆರೆ ಇದೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕನ್ನಡದ ಕೆರೆ ತೆಲುಗಿನ ಚೆರುವಾಗಿದೆ, ಅಷ್ಟೆ. ಅರಮನೆ ಅಳಿದರೂ ಹೆಸರಿನ ನೆರಳು ಉಳಿಯುತ್ತದೆ.

ಸಮೀಪದ ದುಂಡಿಗಲ್‌ನಲ್ಲಿ ವಾಯುಸೇನೆಯ ಅಕಾಡೆಮಿಯಿದೆ. ವಿಮಾನದ ಸದ್ದಿಗೆ ನಮ್ಮ ಮಕ್ಕಳು ತಲೆಯೆತ್ತಿ ನೋಡಿದಾಗ, ಈ ಸೀಮೆಯ ಹೆಸರು ಹೊತ್ತು ದೂರದೇಶದಲ್ಲಿ ಹಾರಿದ ವಿಮಾನಗಳ ಸಂಗತಿ ನಮಗೆ ನೆನಪಾಯಿತು.

ಮೊದಲನೆಯ ಮಹಾಯುದ್ಧದಲ್ಲಿ ನಿಜಾಮ ಮೀರ್ ಉಸ್ಮಾನ್ ಅಲೀ ಖಾನರು ಕೊಟ್ಟ ಹಣದಿಂದ ಬ್ರಿಟಿಷರ 110ನೆಯ ಸ್ಕ್ವಾಡ್ರನ್ನಿಗೆ ವಿಮಾನಗಳು ಬಂದವು. ಅವುಗಳ ಮೈಮೇಲೆ ‘ಹೈದರಾಬಾದ್’ ಎಂದು ಬರೆದು ಸಂಖ್ಯೆ ಹಾಕಿದ್ದರು. ಆಗ ಬೀದರ, ಕಲಬುರಗಿ, ರಾಯಚೂರುಗಳೂ ನಿಜಾಮರ ಸೀಮೆಯೇ. ಅಲ್ಲಿನ ಕನ್ನಡ ರೈತರ ಕಂದಾಯವೂ ಆ ಸಂಸ್ಥಾನಕ್ಕೇ ಸಲ್ಲುತ್ತಿತ್ತು.

1918ರ ಸೆಪ್ಟೆಂಬರಿನಲ್ಲಿ ಈ ಪಡೆ ಫ್ರಾನ್ಸ್ ಸೇರಿತು. ಬ್ರಿಟಿಷರ ಭಾರೀ ಬಾಂಬು ವಿಮಾನಗಳು ರಾತ್ರಿ ದಾಳಿಗೆ ಹೊರಡುತ್ತಿದ್ದವು, ಈ ಡಿ.ಎಚ್. 9ಎ ವಿಮಾನಗಳದು ಹಗಲಿನ ಕೆಲಸ. ಒಂದೊಂದರಲ್ಲಿ ಇಬ್ಬರು: ಮುಂದೆ ಚಾಲಕ, ಹಿಂದೆ ಬಂದೂಕು ಹಿಡಿದ ವೀಕ್ಷಕ. ತಲೆಯ ಮೇಲೆ ಮುಚ್ಚಿಗೆಯಿಲ್ಲ, ಧುಮುಕಿ ಬದುಕೋಣವೆಂದರೆ ಪ್ಯಾರಾಚೂಟೂ ಇಲ್ಲ. ಅಕ್ಟೋಬರ್ 21ರಂದು ಜರ್ಮನಿಯ ಮೇಲೆ ಹೋದ ವಿಮಾನಗಳಲ್ಲಿ 7 ಹಿಂತಿರುಗಲಿಲ್ಲ. ಅವುಗಳಲ್ಲಿದ್ದವರಲ್ಲಿ ಕೆಲವರು ಸತ್ತರು, ಕೆಲವರು ಸೆರೆಯಾದರು. ಮೂರೇ ವಾರಗಳಲ್ಲಿ, ನವೆಂಬರ್ 11ರಂದು, ಕದನ ನಿಂತಿತು!

ಅದೇ ಅಕ್ಟೋಬರ್ 5ರಂದು ಶತ್ರುಗಳ ಕೈಸೇರಿದ ‘ಹೈದರಾಬಾದ್ 12ಎ’ ಇಂದಿಗೂ ಉಳಿದಿದೆ. ಅದರ ಇಬ್ಬರೂ ಸೆರೆಸಿಕ್ಕು ಬದುಕಿದರು. ಬರ್ಲಿನ್ನಿನಲ್ಲಿ, ಆಮೇಲೆ ಪೋಲೆಂಡಿನಲ್ಲಿದ್ದ ವಿಮಾನ 1977ರಲ್ಲಿ ಬ್ರಿಟನ್ನಿಗೆ ಮರಳಿ, ಅಲ್ಲಿನ ವಾಯುಸೇನಾ ವಸ್ತುಸಂಗ್ರಹಾಲಯವನ್ನು ಸೇರಿತು.

ಪಟಾನ್‌ಚೆರುವಿಗೆ ಹೋದ ಕನ್ನಡಿಗರು ಚಾಲುಕ್ಯರ ವೈಭವವನ್ನು ಮಕ್ಕಳಿಗೆ ಹೇಳುವುದು ಸಹಜ. ಇದನ್ನೂ ಹೇಳಬೇಕು. ವಿಮಾನದ ಮೈಮೇಲೆ ದಾನಿಯ ನಾಡಿನ ಹೆಸರಿತ್ತು. ಆದರೆ ದಾನದ ಬೆಲೆ ತೆತ್ತವರು ಒಳಗೆ ಕುಳಿತಿದ್ದ ತರುಣರು, ಮತ್ತು ಆ ಬಾಂಬುಗಳ ಕೆಳಗಿದ್ದ ಊರಿನವರು. ಅವರೂ ಯಾರೋ ತಾಯಂದಿರ ಮಕ್ಕಳೇ.