ಅಕ್ಷರದಲ್ಲಿ ಎಡವುವ ಮಕ್ಕಳು

ಓದಿನಲ್ಲಿ ಹಿಂದುಳಿದ ಹುಡುಗನನ್ನು ಮಂದಮತಿಯೆಂದು ಕರೆಯುವುದು ನಮ್ಮಲ್ಲಿ ಬಹುಕಾಲದ ರೂಢಿ. ಓದಲು ಬಾರದಿರುವುದು ಬೇರೆ, ತಿಳಿಯಲು ಬಾರದಿರುವುದು ಬೇರೆ. ಇವೆರಡನ್ನೂ ಒಂದೆಂದು ಭಾವಿಸಿದುದರಿಂದ ಎಷ್ಟು ಮಕ್ಕಳ ವಿದ್ಯೆಗೆ ಕಲ್ಲು ಬಿದ್ದಿತೋ ಬಲ್ಲವರಾರು!

ಹಾಸನದ ಕ್ರೈಸ್ತ ಶಾಲೆಯೊಂದರವರು ಸಂಜೆಯ ಹೊತ್ತು ಕನ್ನಡ ಹೇಳಿಕೊಡಲು ನನ್ನನ್ನು ಕರೆದಿದ್ದರು. ಅಲ್ಲಿ ಕಂಡುದನ್ನು ವಾಚಕರ ಮುಂದಿಡುತ್ತೇನೆ. ಅರಕಲಗೂಡಿನ ಕಡೆಯ ಬಾಲಕನೊಬ್ಬನು ಹೊಸದಾಗಿ ಬಂದು ಸೇರಿದ್ದನು. ಒಮ್ಮೆ ಕೇಳಿದ ಪುರಾಣಕಥೆಯನ್ನು ಒಂದಂಶವೂ ಬಿಡದೆ ಹೇಳುವನು. ಬಾಯಿಲೆಕ್ಕದಲ್ಲಿ ಹಿರಿಯರನ್ನು ಮೀರಿಸುವನು. ಪುಸ್ತಕವನ್ನು ತೆರೆದೊಡನೆ ಮಾತ್ರ ಬೆವರುವನು. ಮಕಾರ ವಕಾರಗಳು ಅವನಿಗೆ ಒಂದರಲ್ಲೊಂದು ಬೆರೆತುಹೋಗುತ್ತಿದ್ದವು. ‘ಸೂರ್ಯ’ ಎಂಬಲ್ಲಿ ಮೊದಲು ಉಚ್ಚರಿಸುವ ರೇಫವನ್ನು ಕಡೆಗೆ ಬರೆಯುವುದೇಕೆಂಬುದು ಬಿಡಿಸಲಾರದ ಒಗಟಾಗಿದ್ದಿತು. ಆ ವರ್ಷವೂ ತೇರ್ಗಡೆಯಾಗದಿದ್ದರೆ ಶಾಲೆ ಬಿಡಿಸಿ ಹೊಲಕ್ಕೆ ಕಳುಹಿಸುವುದೆಂದು ತಂದೆ ನಿಶ್ಚಯಿಸಿದ್ದರು.

ಅಲ್ಲಿಯ ಸಿಸ್ಟರೊಬ್ಬರು ಹುಡುಗನನ್ನು ಗದರಿಸಲಿಲ್ಲ. ತಟ್ಟೆಯಲ್ಲಿ ಮರಳು ಹರಡಿ, ಬೆರಳಿನಿಂದ ಅಕ್ಷರವನ್ನು ತಿದ್ದಿಸುತ್ತ, ಜತೆಯಲ್ಲಿಯೇ ಅದರ ಧ್ವನಿಯನ್ನು ಗಟ್ಟಿಯಾಗಿ ಹೇಳಿಸಿದರು. ಇದು 1930ರ ದಶಕದಲ್ಲಿ ಅಮೆರಿಕದ ವೈದ್ಯರಾದ ಆರ್ಟನ್ ಮತ್ತು ಉಪಾಧ್ಯಾಯಿನಿ ಗಿಲ್ಲಿಂಗ್‌ಹ್ಯಾಂ ಎಂಬುವರಿಂದ ಬೆಳೆದ ಕ್ರಮವಂತೆ. ನನಗೆ ನಗೆ ಬಂದಿತು. ನಮ್ಮ ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ಕೂಗಿ ಕೂಗಿ ತಿದ್ದಿದುದು ಮತ್ತೇನು? ಆದರೆ ಒಂದು ಭೇದವುಂಟು. ಅಲ್ಲಿ ತಪ್ಪಿಗೆ ಬೆತ್ತವಿದ್ದಿತು. ಇಲ್ಲಿ ಯಾವ ಅಕ್ಷರದಲ್ಲಿ ಏಕೆ ತಪ್ಪಿತೆಂದು ಗುರುತು ಹಾಕಿಡುವ ಪುಸ್ತಕವಿದ್ದಿತು.

ಆಕೆ ಉಳಿದ ಪಾಠಗಳನ್ನು ತಾವೇ ಓದಿ ಹೇಳಿ, ಉತ್ತರವನ್ನು ಬಾಯಿಂದಲೇ ಕೇಳಿ ಅಂಕ ಕೊಟ್ಟಾಗ, ಪಕ್ಷಪಾತವೆಂದು ಕೆಲವರು ಪೋಷಕರು ಗೊಣಗಿದರು. ಪಾಠಶಾಲೆಯಲ್ಲಿ ಸಂಥೆ ಹೇಳಿ ಕಲಿತವನಿಗೆ ಈ ಆಕ್ಷೇಪವು ರುಚಿಸದು. ವೇದವು ಕಿವಿಯಿಂದ ಕಿವಿಗೆ ಬಂದುದಲ್ಲವೆ? ಪಂಚತಂತ್ರದ ವಿಷ್ಣುಶರ್ಮನಾದರೂ ಜಡರೆನಿಸಿಕೊಂಡ ಮೂವರು ರಾಜಪುತ್ರರನ್ನು ಕೈಬಿಡಲಿಲ್ಲ. ಶಾಸ್ತ್ರವನ್ನು ಕಥೆಯಾಗಿಸಿ ಆರು ತಿಂಗಳಲ್ಲಿ ನೀತಿವಿದರನ್ನಾಗಿ ಮಾಡಿದನು. ಆ ಶಾಲೆಯವರ ಗ್ರಂಥದಲ್ಲಿಯೂ ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ತಪ್ಪಿಹೋದ ಒಂದನ್ನು ಅರಸಿ ಹೊರಟ ಕುರುಬನ ಕಥೆಯಿದೆ.

ಇದು ಕೇವಲ ದಯೆಯ ಮಾತೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾನೂನು ಇಂಥ ಕಲಿಕೆಯ ತೊಡಕನ್ನು 21 ಬಗೆಯ ವೈಕಲ್ಯಗಳಲ್ಲಿ ಎಣಿಸಿ, ಅದನ್ನು ಬೇಗನೆ ಗುರುತಿಸಿ ತಕ್ಕ ಬೋಧನೆ ಕೊಡುವುದು ಶಾಲೆಯ ಕರ್ತವ್ಯವೆಂದು ವಿಧಿಸಿದೆ. ಹಾಗೆಂದು ಅವಸರವೂ ಸಲ್ಲದು. ಕನ್ನಡದ ಗುಣಿತ ಒತ್ತಕ್ಷರಗಳೆಲ್ಲ ಸಾಮಾನ್ಯ ಮಕ್ಕಳಿಗೂ ಎರಡು ತರಗತಿಗಳಲ್ಲಿ ಪೂರ್ತಿ ವಶವಾಗುವುದಿಲ್ಲವೆಂದು ಸೋನಾಲಿ ನಾಗ್ ಅವರ 2007ರ ಅಧ್ಯಯನವು ತೋರಿಸಿಕೊಟ್ಟಿದೆ.

ಆ ಬಾಲಕನು ತೇರ್ಗಡೆಯಾದನು. ಈಗಲೂ ನಿಧಾನವಾಗಿಯೇ ಓದುತ್ತಾನೆ, ಆದರೆ ಓದುತ್ತಾನೆ. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಶಾಲೆಗಳಲ್ಲಿಯೂ ಇಂಥವರು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತಿರಬಹುದು. ಮಗುವನ್ನು ಮಂದನೆನ್ನುವ ಮೊದಲು ಹಿರಿಯರು ಒಂದು ಪಾಠವನ್ನು ಅದಕ್ಕೆ ಓದಿ ಹೇಳಿ, ತಿಳಿದುದನ್ನು ಅದರ ಬಾಯಿಂದಲೇ ಕೇಳಿ ನೋಡಲಿ.